ಇಗುವಾನದ ಮೈಮೇಲಿನ ನುಸಿ ಮತ್ತು ಮನೆಯ ಲೆಕ್ಕಪುಸ್ತಕ

ಸಾಕುಪ್ರಾಣಿಗೆ ತೆತ್ತ ಬೆಲೆಯನ್ನೇ ಅದರ ಒಟ್ಟು ಖರ್ಚೆಂದು ಎಣಿಸುವ ರೂಢಿ ನಾಯಿ, ಬೆಕ್ಕು, ಹಸುಗಳ ವಿಷಯದಲ್ಲಿ ಹೆಚ್ಚು ಹಾನಿ ಮಾಡುವುದಿಲ್ಲ. ಏಕೆಂದರೆ ಅವುಗಳ ಲಸಿಕೆ, ಆಹಾರ, ಔಷಧಗಳ ದರ ನೆರೆಹೊರೆಯವರಿಗೆಲ್ಲ ಹೆಚ್ಚುಕಡಿಮೆ ತಿಳಿದಿರುತ್ತದೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮೂಲದ, ಈಗ ಬೆಂಗಳೂರಿನ ಕೆಲವು ಮನೆಗಳನ್ನೂ ಸೇರಿರುವ ಹಸಿರು ಇಗುವಾನದ ವಿಷಯದಲ್ಲಿ ಮಾತ್ರ ಈ ರೂಢಿ ದುಬಾರಿಯಾಗಿ ಪರಿಣಮಿಸುತ್ತದೆ. ಎಲೆ ತಿಂದು ಬದುಕುವ, ಹತ್ತು ವರ್ಷಕ್ಕೂ ಮೀರಿ ಬಾಳಬಲ್ಲ, ಬಾಲವೂ ಸೇರಿ ಒಂದೂವರೆ ಮೀಟರ್ ಉದ್ದಕ್ಕೆ ಬೆಳೆಯಬಲ್ಲ ಈ ಹಲ್ಲಿಯ ಪಾಲನೆಯಲ್ಲಿ ಮುಂಗಡವಾಗಿ ಅಂದಾಜಿಸದೆ ಬಿಟ್ಟುಹೋಗುವ ದೊಡ್ಡ ವೆಚ್ಚವೆಂದರೆ ಪರಾವಲಂಬಿಗಳದು, ಅಂದರೆ ಇನ್ನೊಂದು ಜೀವಿಯ ಮೈಮೇಲೋ ಒಡಲೊಳಗೋ ನೆಲೆಸಿ ಅದರಿಂದಲೇ ಆಹಾರ ಪಡೆಯುವ ಜೀವಿಗಳದು.

ಹೊರಮೈಯ ಪರಾವಲಂಬಿಗಳಲ್ಲಿ ಮುಖ್ಯವಾದುದು ನುಸಿ. ತೆಂಗಿನಕಾಯಿಯ ತೊಟ್ಟಿನಡಿ ಸೇರಿ ಕಾಯನ್ನು ಕುಗ್ಗಿಸುವ ನುಸಿಯನ್ನು ಬಲ್ಲ ಕನ್ನಡದ ರೈತರಿಗೆ ಈ ಪದ ಹೊಸದಲ್ಲ. ಸರೀಸೃಪಗಳ ನುಸಿಯೂ ಅದೇ ದೊಡ್ಡ ಬಳಗಕ್ಕೆ ಸೇರಿದ್ದಾದರೂ ಗಿಡದ ರಸದ ಬದಲು ಪ್ರಾಣಿಯ ರಕ್ತವನ್ನು ಹೀರುತ್ತದೆ. ಇಗುವಾನದ ಮೇಲೆ ಕೆಂಪು ಅಥವಾ ಕಿತ್ತಳೆ ಬಣ್ಣದ ನುಸಿಯೊಂದು ಕಂಡುಬಂದರೆ, ಹಾವುಗಳ ನುಸಿಯೆಂದೇ ಹೆಸರಾದ ಕಪ್ಪು ಬಗೆಯದು ಹಲ್ಲಿಗಳಿಗೂ ಹತ್ತುತ್ತದೆ. ಇವು ಕಣ್ಣಿನ ಸುತ್ತ, ಕಿವಿಪೊರೆಯ ಅಂಚಿನಲ್ಲಿ, ಕಂಕುಳಲ್ಲಿ, ಗಂಟಲಡಿಯ ಜೋಲುಚರ್ಮದ ಮಡಿಕೆಗಳಲ್ಲಿ ಅಡಗಿ ಕೂರುತ್ತವೆ. ಸೋಂಕು ಹೆಚ್ಚಿದಾಗ ಪ್ರಾಣಿ ರಕ್ತಹೀನತೆಯಿಂದ ಬಳಲುತ್ತದೆ, ಮೇವು ಬಿಡುತ್ತದೆ, ಪೊರೆ ಕಳಚುವ ಸಹಜ ಕ್ರಿಯೆಯೂ ಪೂರ್ಣವಾಗದೆ ಅರ್ಧಕ್ಕೇ ನಿಂತುಹೋಗುತ್ತದೆ.

ಹಣದ ದೃಷ್ಟಿಯಿಂದ ಗಮನಿಸಬೇಕಾದುದು ಕಪ್ಪು ನುಸಿಯ ಜೀವನಚಕ್ರ. ಹೆಣ್ಣು ನುಸಿ ಮೊಟ್ಟೆಯಿಡುವುದು ಹಲ್ಲಿಯ ಮೈಮೇಲಲ್ಲ, ಗೂಡಿನ ಮರದ ಕೊರಡು, ಹಗ್ಗ, ಮೂಲೆಯ ಬಿರುಕುಗಳಂಥ ಕತ್ತಲೆಯ, ತೇವದ ಜಾಗಗಳಲ್ಲಿ. ಬೆಚ್ಚಗಿನ ವಾತಾವರಣದಲ್ಲಿ ಮೊಟ್ಟೆಯಿಂದ ಬಲಿತ ನುಸಿಯವರೆಗಿನ ಹಂತಗಳೆಲ್ಲ ಎರಡು-ಮೂರು ವಾರಗಳಲ್ಲಿ ಮುಗಿಯುತ್ತವೆ. ಪ್ರಾಣಿಗೆ ಹಾಕಿದ ಔಷಧ ಗೂಡಿನಲ್ಲಿ ಅಡಗಿದ ಮೊಟ್ಟೆಗಳನ್ನು ಮುಟ್ಟದ ಕಾರಣ, ಒಂದೇ ಬಾರಿ ಚಿಕಿತ್ಸೆ ಮಾಡಿಸಿ ನಿಲ್ಲಿಸಿದವರು ಮುಂದಿನ ತಿಂಗಳು ಅದೇ ಹಣವನ್ನು ಮತ್ತೆ ಕೊಡಬೇಕಾಗುತ್ತದೆ. ಚಿಕಿತ್ಸೆಯೆಂದರೆ ಪ್ರಾಣಿಯ ಜೊತೆಗೆ ಗೂಡಿನ ಚಿಕಿತ್ಸೆಯೂ ಹೌದು ಎಂಬುದನ್ನು ಈ ಅಂಕಣದ ಲೇಖಕಿ ತಡವಾಗಿ ಕಲಿತರು.

ಅವರ ಮನೆಯಲ್ಲಿ ನಾಲ್ಕು ವರ್ಷದಿಂದ ಆರೋಗ್ಯವಾಗಿದ್ದ ಇಗುವಾನದ ಗೂಡಿಗೆ, ಬೇರೊಂದು ಮನೆಯಿಂದ ಬಂದ ಎಳೆಯ ಇಗುವಾನವನ್ನು ಅದೇ ದಿನ ಸೇರಿಸಲಾಯಿತು. ಹೊಸ ಪ್ರಾಣಿಯನ್ನು ಕೆಲಕಾಲ ಪ್ರತ್ಯೇಕವಾಗಿಟ್ಟು ರೋಗಲಕ್ಷಣಗಳಿಗಾಗಿ ಕಾಯುವ ಕ್ರಮವನ್ನು, ಅಂದರೆ ಕ್ವಾರಂಟೈನನ್ನು, ಬೇರೊಂದು ಪೆಟ್ಟಿಗೆ ಮತ್ತು ದೀಪದ ಖರ್ಚು ಉಳಿಸುವ ಸಲುವಾಗಿ ಕೈಬಿಡಲಾಗಿತ್ತು. ಮೂರನೆಯ ವಾರಕ್ಕೆ ನೀರಿನ ಬಟ್ಟಲಲ್ಲಿ ಕಪ್ಪು ಚುಕ್ಕೆಗಳು ತೇಲತೊಡಗಿದವು. ಆಮೇಲಿನ ಎರಡು ತಿಂಗಳಲ್ಲಿ ವೈದ್ಯರ ಮೂರು ಭೇಟಿಗೆ 2,400 ರೂಪಾಯಿ, ಎರಡು ಮಲಪರೀಕ್ಷೆಗೆ 900, ಔಷಧಕ್ಕೆ 1,150, ಎಸೆಯಬೇಕಾದ ಕೊರಡು, ಹಗ್ಗ, ನೆಲಹಾಸುಗಳ ಬದಲಿಗೆ 3,600, ಕೊನೆಗೂ ಕೊಳ್ಳಲೇಬೇಕಾದ ಪ್ರತ್ಯೇಕ ಪೆಟ್ಟಿಗೆ ಮತ್ತು ದೀಪಕ್ಕೆ 2,250, ಹೀಗೆ ಒಟ್ಟು 10,300 ರೂಪಾಯಿ ವೆಚ್ಚವಾಯಿತು. ಮೊದಲ ದಿನವೇ ಪೆಟ್ಟಿಗೆ ಮತ್ತು ದೀಪ, ಒಂದು ಭೇಟಿ, ಒಂದು ಮಲಪರೀಕ್ಷೆ ಇಷ್ಟಕ್ಕೇ ಮನಸ್ಸು ಮಾಡಿದ್ದರೆ 3,500 ರೂಪಾಯಿ ಸಾಕಾಗುತ್ತಿತ್ತು. ಹೆಚ್ಚಾಗಿ ತೆತ್ತ 6,800 ರೂಪಾಯಿಗಿಂತ ಲೇಖಕಿಯನ್ನು ಇಂದಿಗೂ ನೋಯಿಸುವುದು, ಆ ಎರಡು ತಿಂಗಳು ಕಣ್ಣು ಅರೆಮುಚ್ಚಿ ದೀಪದಡಿ ಕದಲದೆ ಕೂತಿರುತ್ತಿದ್ದ ಹಿರಿಯ ಪ್ರಾಣಿಯ ನೆನಪು.

ಆದುದರಿಂದ ಹೊಸ ಪ್ರಾಣಿಯನ್ನು ಕನಿಷ್ಠ ಒಂದು ತಿಂಗಳು, ಸಾಧ್ಯವಿದ್ದರೆ ಮೂರು ತಿಂಗಳು ಬೇರೆ ಕೋಣೆಯಲ್ಲಿ, ನೆಲಕ್ಕೆ ಬಿಳಿಯ ಕಾಗದ ಹಾಸಿದ ಸರಳ ಪೆಟ್ಟಿಗೆಯಲ್ಲಿಡಬೇಕೆಂಬ ನಿಯಮವನ್ನು ಖರೀದಿ ಬೆಲೆಯ ಭಾಗವಾಗಿಯೇ ಪರಿಗಣಿಸುವುದು ಯುಕ್ತ. ಕಾಗದದ ಮೇಲೆ ಹರಿದಾಡುವ ಚುಕ್ಕೆ ಬೇಗ ಕಾಣುತ್ತದೆ, ಕಾಗದ ಬದಲಿಸಲು ಖರ್ಚೂ ಇಲ್ಲ. ಹಳೆಯ ಪ್ರಾಣಿಯ ಕೆಲಸ ಮುಗಿಸಿದ ಮೇಲೆಯೇ ಹೊಸದನ್ನು ಮುಟ್ಟಬೇಕು, ಕೈ ತೊಳೆಯಬೇಕು. ಸರೀಸೃಪಗಳಿಂದ ಮನುಷ್ಯರಿಗೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹರಡಬಲ್ಲದಾದ್ದರಿಂದ ಈ ಕೈತೊಳೆಯುವಿಕೆ ಮನೆಯ ಮಕ್ಕಳ ರಕ್ಷಣೆಯೂ ಆಗಿದೆ.

ಅಗ್ಗದ ಔಷಧದ ಆಸೆ ಇನ್ನೊಂದು ಬಗೆಯ ನಷ್ಟಕ್ಕೆ ದಾರಿ. ನಾಯಿಯ ಉಣ್ಣೆಗೆಂದು ಅಂಗಡಿಯಲ್ಲಿ ಸಿಗುವ ಸಿಂಪಡಣೆಯನ್ನು ಹಲ್ಲಿಗೂ ಬಳಸುವವರಿದ್ದಾರೆ. ಅವುಗಳಲ್ಲಿನ ಕೆಲವು ರಾಸಾಯನಿಕಗಳನ್ನು ವೈದ್ಯರು ಸರೀಸೃಪಗಳಿಗೂ ಬಳಸುವುದುಂಟಾದರೂ, ಪ್ರಮಾಣವನ್ನು ಪ್ರಾಣಿಯ ತೂಕ ಮತ್ತು ಸ್ಥಿತಿ ನೋಡಿ ನಿರ್ಧರಿಸಲಾಗುತ್ತದೆ. ಹಸು-ಕುರಿಗಳಿಗೆ ಸಾಮಾನ್ಯವಾಗಿ ಕೊಡುವ ಐವರ್‌ಮೆಕ್ಟಿನ್ ಆಮೆಗಳಿಗೆ ಪ್ರಾಣಾಂತಕ ಎಂಬ ಒಂದು ಸಂಗತಿಯೇ, ಒಂದು ಪ್ರಾಣಿಯ ಔಷಧ ಇನ್ನೊಂದಕ್ಕೆ ಹೊಂದುತ್ತದೆಂಬ ಊಹೆ ಎಷ್ಟು ಅಪಾಯಕರವೆಂಬುದನ್ನು ತಿಳಿಸುತ್ತದೆ.

ಒಡಲೊಳಗಿನ ಪರಾವಲಂಬಿಗಳ ವಿಷಯದಲ್ಲಿ ತಪ್ಪು ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲೂ ಆಗಬಹುದು. ಇಗುವಾನದ ಮಲಪರೀಕ್ಷೆಯಲ್ಲಿ ಸೂಜಿಹುಳು ಎಂಬ ಸಣ್ಣ ಜಂತುವಿನ ಮೊಟ್ಟೆಗಳು ಆಗಾಗ ಕಾಣುತ್ತವೆ. ಎಲೆಯನ್ನು ದೊಡ್ಡ ಕರುಳಿನಲ್ಲಿ ಹುದುಗಿಸಿ ಜೀರ್ಣಿಸಿಕೊಳ್ಳುವ ಈ ಪ್ರಾಣಿಯಲ್ಲಿ ಅವು ಹಲವು ವೇಳೆ ತೊಂದರೆ ಕೊಡದೆ ನೆಲೆಸಿರುತ್ತವೆ. ವರದಿಯಲ್ಲಿ ಹುಳುವಿನ ಹೆಸರು ಕಂಡಕೂಡಲೇ ಔಷಧ ಕೊಳ್ಳುವುದಕ್ಕಿಂತ, ಪ್ರಾಣಿಯ ತೂಕ ಇಳಿದಿದೆಯೇ, ಮಲ ಸಡಿಲವಾಗಿದೆಯೇ ಎಂದು ವೈದ್ಯರೊಡನೆ ವಿಚಾರಿಸುವುದು ಉಚಿತ. ಮೈಬಿಸಿಗಾಗಿ ಹೊರಗಿನ ಶಾಖವನ್ನೇ ನಂಬಿದ ಪ್ರಾಣಿಗೆ ಶಾಖ ಸಾಲದೆ ರೋಗನಿರೋಧಕ ಶಕ್ತಿ ಕುಂದಿದಾಗ, ಸುಮ್ಮನಿದ್ದ ಜಂತುಗಳೂ ಹೆಚ್ಚಿ ರೋಗ ತರಬಲ್ಲವಾದ್ದರಿಂದ, ದೀಪದ ವಿದ್ಯುತ್ ಬಿಲ್ಲನ್ನು ಉಳಿತಾಯದ ಬಾಬ್ತೆಂದು ಭಾವಿಸಬಾರದು.

ಕಾನೂನಿನ ಕಡತವೂ ಈ ಲೆಕ್ಕಕ್ಕೆ ಸೇರಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಉಡವನ್ನು ಸಾಕುವುದು ಅಪರಾಧ. ಆ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಇಗುವಾನದಂಥ ವಿದೇಶಿ ಪ್ರಾಣಿಯನ್ನು ಹೊಂದಿರುವವರು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಎಲ್ಲಿಂದ ಬಂದಿತೆಂಬ ದಾಖಲೆಯಿಲ್ಲದ ಪ್ರಾಣಿಯ ಆರೋಗ್ಯದ ಇತಿಹಾಸವೂ ಸಾಮಾನ್ಯವಾಗಿ ಕತ್ತಲಲ್ಲೇ ಇರುತ್ತದೆ.

ಸಾಕುಪ್ರಾಣಿ ವಿಮೆ ನಮ್ಮಲ್ಲಿ ಬಹುಮಟ್ಟಿಗೆ ನಾಯಿ-ಬೆಕ್ಕುಗಳಿಗೆ ಸೀಮಿತವಾಗಿರುವುದರಿಂದ, ಲೇಖಕಿ ಈಗ ತಿಂಗಳಿಗೆ 500 ರೂಪಾಯಿಯಂತೆ ಬ್ಯಾಂಕಿನ ಆವರ್ತ ಠೇವಣಿಯೊಂದನ್ನು, ಅಂದರೆ ಪ್ರತಿ ತಿಂಗಳೂ ನಿಗದಿತ ಮೊತ್ತ ಕಟ್ಟುವ ಠೇವಣಿಯನ್ನು, ಎರಡು ಇಗುವಾನಗಳ ಹೆಸರಿನಲ್ಲೇ ಮೀಸಲಿಟ್ಟಿದ್ದಾರೆ. ಪ್ರತಿ ಭಾನುವಾರ ಎರಡನ್ನೂ ತೂಗಿ, ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಗಂಟಲಡಿ ಮತ್ತು ಕಂಕುಳನ್ನು ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಲಾಗುತ್ತದೆ. ತೂಕವನ್ನು ಗ್ರಾಂಗಳಲ್ಲಿ ಬರೆಯುವ ಪುಟದ ಕೊನೆಯ ಅಂಕಣದಲ್ಲಿ, ಕಳೆದ ಹದಿನಾಲ್ಕು ವಾರಗಳಿಂದ, ಚುಕ್ಕೆಗಳ ಎದುರು ಸೊನ್ನೆಯೇ ಇದೆ.