ಕ್ಯೂ ತುದಿಗೆ ಬಳೆ ತೊಡಿಸುವ ಮುನ್ನ

ಲೇತ್ ಕೊಂಡಾಯಿತು, ಮೇಪಲ್ ಶಾಫ್ಟ್ ತರಿಸಿಯಾಯಿತು, ಇನ್ನು ಪೂಲ್ ಕ್ಯೂ ಮಾಡಿಯೇ ತೀರುತ್ತೇನೆ ಎಂದು ಹೊರಟಿದ್ದೀರಿ. ಸಂತೋಷ. ಆದರೆ ಒಂದು ಮಾತು. ಮರ ಆರಿಸಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೀರಿ, ಹಿಡಿಗೆ ಸುತ್ತುವ ದಾರದ ಬಣ್ಣಕ್ಕೆ ನಾಲ್ಕು ಜನರನ್ನು ಕೇಳುತ್ತೀರಿ. ಫೆರೂಲ್ ವಿಷಯಕ್ಕೆ ಬಂದರೆ ಅಂಗಡಿಯಲ್ಲಿ ಸಿಕ್ಕ ಯಾವುದೋ ಬಿಳಿ ರಾಡಿನ ತುಂಡು ತಂದು ಕೂರಿಸಿಬಿಡುತ್ತೀರಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಟಿಪ್ಪಿಗೂ ಮರಕ್ಕೂ ನಡುವೆ ಕೂರುವ ಆ ಪುಟ್ಟ ಬಳೆ ಪ್ರತಿ ಹೊಡೆತದ ಏಟನ್ನು ತಾನು ತಿಂದು ಮರ ಸೀಳದಂತೆ ಕಾಯುತ್ತದೆ. ಅದನ್ನು ಇಷ್ಟು ಸದರ ಮಾಡಬೇಡಿ.

ಮೊದಲು ತೂಕ ನೋಡಿ. ಬಿಳಿ ಚೆಂಡಿನ ನಡುವಿಗೆ ಹೊಡೆಯದೆ ಪಕ್ಕಕ್ಕೆ ಹೊಡೆದಾಗ ಅದು ನೀವು ಗುರಿಯಿಟ್ಟ ಗೆರೆ ಬಿಟ್ಟು ಎದುರು ಬದಿಗೆ ಕೊಂಚ ಸರಿಯುತ್ತದೆ. ಕ್ಯೂ ತುದಿ ಭಾರವಾದಷ್ಟೂ ಹೆಚ್ಚು ಸರಿಯುತ್ತದೆ. ಈಚಿನ ಶಾಫ್ಟುಗಳಲ್ಲಿ ಫೆರೂಲನ್ನು ಮೋಟು ಮಾಡಿರುವುದು, ತುದಿಯನ್ನು ಒಳಗೆ ಟೊಳ್ಳು ಮಾಡಿರುವುದು ಇದಕ್ಕೇ. ಸ್ನೂಕರ್ ಆಡುವವರ ಕ್ಯೂ ನೋಡಿ ಹಿತ್ತಾಳೆಗೆ ಮನಸೋಲುತ್ತೀರಿ, ನನಗೆ ಗೊತ್ತು. ಅಲ್ಲಿ ಟಿಪ್ ಒಂಬತ್ತೂವರೆ, ಹತ್ತು ಮಿಲಿಮೀಟರ್. ಹಿತ್ತಾಳೆಯ ಬಳೆ ತೆಳು, ಗಿಡ್ಡ. ಸರಿಹೋಗುತ್ತದೆ. ನಿಮ್ಮದು 13 ಮಿಲಿಮೀಟರಿನ ಪೂಲ್ ಶಾಫ್ಟ್. ಅದಕ್ಕೆ ಒಂದಿಂಚು ಉದ್ದದ ಹಿತ್ತಾಳೆ ಹಾಕಿದರೆ ಮೂಗಿಗಿಂತ ಮೂಗುತಿ ಭಾರ. ಒಂದೇ ಗಾತ್ರದ ತುಂಡು ತೂಗಿದರೆ ಹಿತ್ತಾಳೆ ಎಬಿಎಸ್ ಪ್ಲಾಸ್ಟಿಕ್ಕಿನ ಎಂಟು ಪಟ್ಟು ಭಾರ. ಆಮೇಲೆ ಗುರಿ ತಪ್ಪಿದಾಗ ಟೇಬಲ್ಲೇ ಡೊಂಕು ಅನ್ನಬೇಡಿ.

ಹಾಗಾದರೆ ಯಾವುದು ಹಾಕಲಿ ಎನ್ನುತ್ತೀರಿ. ಮೆಲಮೈನ್ ಗಟ್ಟಿ, ಬೆಳ್ಳಗೆ ಹೊಳೆಯುತ್ತದೆ, ಚಾಕಿನ ನೀಲಿ ಬೇಗ ಹಿಡಿಯುವುದಿಲ್ಲ. ಆದರೆ ಬಿರುಸು; ಗೋಡೆ ತೀರಾ ತೆಳುವಾದರೆ ಬಿರುಕು ಬಿಡುತ್ತದೆ. ಎಬಿಎಸ್ ಹಗುರ, ಅಗ್ಗ, ಕಡೆಯುವುದೂ ಸುಲಭ. ಆದರೆ ಮೆದು, ಕಲೆಯೂ ಬೇಗ ಹಿಡಿಯುತ್ತದೆ. ನನ್ನ ಒಲವು ಲಿನನ್ ಬಟ್ಟೆಯ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ ಫಿನಾಲಿಕ್ ಕಡೆಗೆ. ಬಣ್ಣ ಹಾಲುಬಿಳುಪಲ್ಲ, ಕೊಂಚ ಹಳದಿ. ವರ್ಷ ಕಳೆದಂತೆ ಇನ್ನೂ ಕಂದುತ್ತದೆ. ಕಂದಲಿ ಬಿಡಿ. ಒಳಗಿನ ನೂಲು ಏಟನ್ನು ಹಿಡಿದಿಡುತ್ತದೆ, ಬ್ರೇಕ್ ಹೊಡೆತಕ್ಕೂ ಸುಲಭಕ್ಕೆ ಒಡೆಯುವುದಿಲ್ಲ. ಕಡೆಯುವಾಗ ಏಳುವ ಧೂಳು ಮಾತ್ರ ಎದೆಗೆ ಒಳ್ಳೆಯದಲ್ಲ. ಮಾಸ್ಕ್ ಹಾಕಿಕೊಳ್ಳಿ, ಒಂದೇ ತುಂಡಲ್ಲವೇ ಎಂಬ ನೆಪ ಬೇಡ.

ಡೆಲ್ರಿನ್, ನೈಲಾನ್, ಟೆಫ್ಲಾನ್ ರಾಡುಗಳ ಸಹವಾಸ ಬೇಡ. ಮುಟ್ಟಿದರೆ ನುಣುಪು, ಲೇತಿನಲ್ಲಿ ಸಲೀಸು, ಆದರೆ ಅಂಟು ಹಿಡಿಯಲಾರವು. ನೈಲಾನ್ ಸಾಲದ್ದಕ್ಕೆ ತೇವ ಕುಡಿದು ಊದಿಕೊಳ್ಳುತ್ತದೆ.

ದಂತದ ಮಾತು ಎತ್ತುವವರು ಈಗಲೂ ಇದ್ದಾರೆ. ಹಿಂದೆ ಒಳ್ಳೆಯ ಕ್ಯೂ ಎಂದರೆ ದಂತದ ಫೆರೂಲ್ ಎಂಬ ಕಾಲವಿತ್ತು, ನಿಜ. ನಮ್ಮ ದೇಶದಲ್ಲಿ ವನ್ಯಜೀವಿ ಕಾಯ್ದೆಗೆ 1986ರಲ್ಲೂ 1991ರಲ್ಲೂ ತಂದ ತಿದ್ದುಪಡಿಗಳ ನಂತರ ನಮ್ಮ ಆನೆಯದಿರಲಿ, ಆಫ್ರಿಕಾದ ಆನೆಯದಿರಲಿ, ದಂತದ ವ್ಯಾಪಾರ ಅಪರಾಧ. ಯಾರೋ ಅಜ್ಜನ ಕಾಲದ ತುಂಡು ಎಂದು ಗುಟ್ಟಾಗಿ ಕೊಡಲು ಬಂದರೆ ಕೈ ಮುಗಿದು ಕಳಿಸಿ. ಮೈಸೂರಿನ ಬೀಟೆ ಮರದ ಕುಸುರಿ ಕೆಲಸದವರೇ ದಂತ ಬಿಟ್ಟು ಪ್ಲಾಸ್ಟಿಕ್ಕಿಗೆ ಬಂದು ದಶಕಗಳಾದವು. ನಿಮ್ಮ ಕ್ಯೂ ಅದಕ್ಕಿಂತ ಹೆಚ್ಚಿನದೇ?

ದಂತದ ಬದಲಿಗೆಂದು ಹುಟ್ಟಿದ್ದು ಸೆಲ್ಯುಲಾಯ್ಡ್. ಬಿಲಿಯರ್ಡ್ಸ್ ಚೆಂಡಿಗೆ ದಂತವಲ್ಲದ ವಸ್ತು ಹುಡುಕುತ್ತಿದ್ದ ಅಮೆರಿಕದ ಜಾನ್ ವೆಸ್ಲಿ ಹಯಾಟ್ 1870ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಹಳೆಯ ಕ್ಯೂ ರಿಪೇರಿಗೆ ಬಂದು, ಫೆರೂಲ್ ಕಡೆಯುವಾಗ ಕರ್ಪೂರದ ವಾಸನೆ ಬಂತೆಂದರೆ ಲೇತ್ ನಿಲ್ಲಿಸಿ. ಸೆಲ್ಯುಲಾಯ್ಡಿನಲ್ಲಿ ಕರ್ಪೂರವೇ ಇದೆ, ಉರಿಯುವುದೂ ಹಾಗೆಯೇ. ಹರಿತವಾದ ಉಳಿ, ನಿಧಾನ ವೇಗ ಇರಲಿ. ಹೊಟ್ಟನ್ನು ಆಗಾಗ ಗುಡಿಸಿ ಹೊರಗೆ ಹಾಕಿ. ಹತ್ತಿರ ಬೀಡಿ ಸಿಗರೇಟು ಸುಳಿಯಕೂಡದು.

ವಸ್ತು ಯಾವುದಾದರೂ ಕೂರಿಸುವುದರಲ್ಲೇ ಮುಕ್ಕಾಲು ಪಾಲು ಕೆಲಸ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಇಲ್ಲಿಗೆ ಹೇಳಿ ಮಾಡಿಸಿದ ಮಾತು. ಶಾಫ್ಟಿನ ತುದಿಯಲ್ಲಿ ಕಡೆದ ಮರದ ಗೂಟ ಫೆರೂಲಿನ ತೂತಿಗೆ ಬಿಗಿಯಾಗಿ ತುರುಕುವಂತಿರಬಾರದು, ಅಂಟಿಗೆ ಕೂದಲೆಳೆಯಷ್ಟು ಜಾಗ ಬೇಕು. ಮೇಲ್ಗಡೆ ಮುಚ್ಚಿದ ಫೆರೂಲಾದರೆ ಗೂಟದ ಉದ್ದಕ್ಕೂ ಸಣ್ಣ ಗೀರು ಕೊರೆಯಿರಿ. ಇಲ್ಲದಿದ್ದರೆ ಒಳಗೆ ಸಿಕ್ಕಿಬಿದ್ದ ಗಾಳಿ, ಅಂಟು ಎರಡೂ ಸೇರಿ ಫೆರೂಲನ್ನು ಹಿಂದಕ್ಕೆ ನೂಕುತ್ತವೆ. ಬೆಳಕಿಗೆ ಹಿಡಿದು ನೋಡಿ: ಮರದ ಭುಜಕ್ಕೂ ಫೆರೂಲಿಗೂ ನಡುವೆ ಬೆಳಕಿನ ಎಳೆ ಕಂಡರೆ ಕೂತಿಲ್ಲ ಎಂದೇ ಅರ್ಥ. ಐದು ನಿಮಿಷದ ಅಂಟು ಬೇಡ. ನಿಧಾನವಾಗಿ ಒಣಗುವ ಎಪಾಕ್ಸಿ ಹಾಕಿ, ಒಂದು ದಿನ ಮುಟ್ಟದೆ ಬಿಡಿ.

ಉಜ್ಜುಕಾಗದ ಹಿಡಿಯುವಾಗಲೂ ಎಚ್ಚರ. ಫೆರೂಲ್ ಗಟ್ಟಿ, ಪಕ್ಕದ ಮರ ಮೆದು. ಎರಡನ್ನೂ ಒಟ್ಟಿಗೆ ಉಜ್ಜಿದರೆ ಮರವೇ ಹೆಚ್ಚು ಸವೆದು ಮೆಟ್ಟಿಲು ಬೀಳುತ್ತದೆ. ಉಗುರು ಎಳೆದು ನೋಡಿ, ತಡೆದರೆ ಕೆಟ್ಟಿತು. ಮಳೆಗಾಲದಲ್ಲಿ ಮರ ಊದಿಕೊಂಡಾಗಲೂ ಉಗುರು ತಡೆಯುತ್ತದೆ. ಆಗ ಗಾಬರಿಬಿದ್ದು ಉಜ್ಜಬೇಡಿ, ಬಿಸಿಲು ಬಂದ ಮೇಲೆ ಅದೇ ಸರಿಹೋಗುತ್ತದೆ. ಚಾಕಿನ ಕಲೆಗೆ ಒದ್ದೆ ಬಟ್ಟೆ ಸಾಕು. ಆಟ ಮುಗಿದಾಗಲೆಲ್ಲ ಉಜ್ಜುಕಾಗದ ಹಿಡಿಯುವವರ ಫೆರೂಲ್ ವರ್ಷದೊಳಗೆ ಟಿಪ್ಪಿಗಿಂತ ಸಣ್ಣದಾಗಿರುತ್ತದೆ.

ಮೊದಲ ಫೆರೂಲನ್ನು ಹೊಸ ಮೇಪಲ್ ಶಾಫ್ಟಿಗೆ ಹಾಕಬೇಡಿ. ಯಾವುದಾದರೂ ಕ್ಲಬ್ಬಿನಲ್ಲಿ ಮುರಿದು ಮೂಲೆ ಸೇರಿದ ಕ್ಯೂ ಇದ್ದೇ ಇರುತ್ತದೆ. ಕೇಳಿ ತನ್ನಿ, ಅದರ ಮೇಲೆ ಎರಡು ಮೂರು ಬಾರಿ ಕೂರಿಸಿ, ಕಿತ್ತು, ಮತ್ತೆ ಕೂರಿಸಿ ಕೈ ಪಳಗಿಸಿಕೊಳ್ಳಿ. ಹೊಸದನ್ನು ಆಮೇಲೆ ಮುಟ್ಟಿ.