ಲೆಕ್ಕ ಇಬ್ಬರದ್ದೂ ಇರಲಿ

ಯವ್ವಾ, ಓದಿದವಳು ನೀನು, ದುಡಿಯುವವಳು. ಸೀರೆ ಆರಿಸೋಕೆ ಅರ್ಧ ದಿನ ಬೇಕು ನಿನಗೆ, ಎಟಿಎಂ ಪಿನ್ನು ಗಂಡನಿಗೆ ಹೇಳೋಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ! 'ಎಲ್ಲಾ ಅವರೇ ನೋಡಿಕೊಳ್ತಾರಜ್ಜಿ' ಅಂತ ನಗುತ್ತೀ. ನಗು, ಆದರೆ ಮುದುಕಿಯ ಮಾತೂ ಕೇಳು.

ಕಾಲುವೆ ನೀರು ತಪ್ಪಿದರೆ, ಮೆಣಸಿನಕಾಯಿ ರೇಟು ಬಿದ್ದರೆ, ನಮ್ಮ ಮೋಕಾ ಊರಲ್ಲಿ ಯಾರ ಮನೆಯಲ್ಲಿ ಕೈ ಬಿಗಿಯಾಗಲ್ಲ? ಅದು ಸಂಸಾರ. ಆದರೆ ಬಿಗಿ ಇಬ್ಬರಿಗೂ ಇರಬೇಕು. ತರಕಾರಿಯ ಚಿಲ್ಲರೆಗೂ ನೀನು ಲೆಕ್ಕ ಒಪ್ಪಿಸಬೇಕು, ಬ್ಯಾಡಗಿ ಮಾರುಕಟ್ಟೆಯಲ್ಲಿ ಮಾಲು ಎಷ್ಟಕ್ಕೆ ಹೋಯಿತು ಅಂತ ಕೇಳಿದರೆ ಅವನು ಕೆಂಡವಾಗಬೇಕು ಅಂದರೆ, ಅದನ್ನು ಜಿಪುಣತನ ಅಂದುಕೊಂಡು ಸುಮ್ಮನಿರಬೇಡ.

ಹೊಡೆದರೆ ಬಾಸುಂಡೆ ಕಾಣುತ್ತೆ, ಈ ರೊಕ್ಕದ ಹಿಂಸೆ ಕಾಣಲ್ಲ. ಬಳೆ ಗಿರವಿಗೆ ಹೋಗುತ್ತೆ, ಬಿಡಿಸುವ ಮಾತೇ ಇಲ್ಲ. ಮಹಿಳಾ ಸಂಘದ ಸಾಲ ಹೆಂಡತಿ ಹೆಸರಲ್ಲಿ, ರೊಕ್ಕ ಗಂಡನ ಕೈಯಲ್ಲಿ, ಕಂತಿನ ದಿನ ಬೈಸಿಕೊಳ್ಳೋಳು ಇವಳೇ. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬಂದದ್ದು ಇವಳಿಗೆ ಗೊತ್ತಾಗೋ ಹೊತ್ತಿಗೆ ಖರ್ಚೂ ಆಗಿರುತ್ತೆ. ಬಳ್ಳಾರಿಗೆ ಜೀನ್ಸ್ ಹೊಲಿಯೋಕೆ ಹೋಗಬೇಡ ಅಂತಾನೆ, ಆಮೇಲೆ ಕೂತು ತಿಂತಾಳೆ ಅಂತ ಹಂಗಿಸ್ತಾನೆ. ಇಂಥ ಮನೆ ಬೇಕಾದಷ್ಟು ನೋಡಿದ್ದೀನಿ. ಕೈ ಕೆಸರಾದದ್ದು ಒಬ್ಬರದ್ದು, ಮೊಸರುಂಡ ಬಾಯಿ ಇನ್ನೊಬ್ಬರದ್ದು.

ಇದು ಮನೆಯೊಳಗಿನ ಮಾತು ಅಂತ ಬಾಯಿ ಮುಚ್ಚಿಸಿದರೆ ನಂಬಬೇಡ. ಖರ್ಚಿಗೆ ಕೊಡದೆ ಕಾಡುವುದು, ಸ್ತ್ರೀಧನ ಕಿತ್ತುಕೊಳ್ಳುವುದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಹಿಂಸೆಯೇ. ಗೃಹಿಣಿಗೂ ಜಂಟಿ ಖಾತೆ, ಎಟಿಎಂ ಬೇಕು ಅಂತ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ಬರೆದಿದ್ದಾರೆ.

ಜಗಳ ತೆಗೆ ಅಂತ ನಾನು ಹೇಳಲ್ಲ. ಊಟ ಆದಮೇಲೆ, 'ಬನ್ನಿ, ನಿಮ್ಮ ಪಾಸ್‌ಬುಕ್ಕು, ನನ್ನದು, ಎರಡೂ ನೋಡೋಣ' ಅನ್ನು. ತೆರೆದು ತೋರಿಸಿದರೆ ಒಳ್ಳೆ ಗಂಡ, ಸುಖವಾಗಿರು. ಮುಖ ಗಂಟಿಕ್ಕಿದರೆ ಎಚ್ಚರವಾಗು. ಸಂಬಳದ ಖಾತೆ ನಿನ್ನ ಕೈಯಲ್ಲೇ ಇರಲಿ. ಓದದೆ ಎಲ್ಲೂ ಸಹಿ ಹಾಕಬೇಡ. ಒಡವೆಯ ರಸೀದಿಯ ಫೋಟೊ ತವರಿನಲ್ಲೂ ಇರಲಿ. ಕೇಳೋಕೇ ಹೆದರಿಕೆ ಆಗುವಂತಿದ್ದರೆ ಮಾತ್ರ ಕೇಳಲೇಬೇಡ, ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡು. ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರೂ ಪುಕ್ಕಟೆ.

ಗಂಡನನ್ನು ನಂಬು ತಾಯಿ, ಬೇಡ ಅನ್ನಲ್ಲ. ಲೆಕ್ಕ ಕೇಳಿದರೆ ಕೆಡುವ ನಂಬಿಕೆಯನ್ನು ಮಾತ್ರ ನಂಬಬೇಡ.