ಕಚೇರಿ ಕೆಲಸ ಮುಗಿದ ಮೇಲಿನ ಬೆಂಗಳೂರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯಿಂದ ಕಚೇರಿ ಕೆಲಸಕ್ಕೆ ಒಬ್ಬರೇ ಬೆಂಗಳೂರಿಗೆ ಹೊರಟಿದ್ದೀರಾ? ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗಳಿಗೆ ರಜೆ. ಮೊದಲು ಕ್ಯಾಲೆಂಡರ್ ನೋಡಿ. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಇರಲಿ, ಕೆಡುವುದಿಲ್ಲ. ಕಾಗದಪತ್ರದ ಇನ್ನೊಂದು ಜೆರಾಕ್ಸ್ ಬೇರೆ ಕಡೆ ಇಟ್ಟುಕೊಳ್ಳಿ.

ಕೆಲಸ ಮುಗಿದ ಕೂಡಲೇ ಮೆಜೆಸ್ಟಿಕ್‌ಗೆ ಓಡಬೇಡಿ. ರಾತ್ರಿ ಬಸ್ಸಿಗೆ ಹೊತ್ತಿದೆ. 1956ರಲ್ಲಿ ಮುಗಿದ ವಿಧಾನಸೌಧವನ್ನು ರಸ್ತೆಯ ಈಚೆ ನಿಂತು ಕಣ್ತುಂಬ ನೋಡಿ. ಕಬ್ಬನ್ ಪಾರ್ಕಿನ ಮರದಡಿ ದಣಿವಾರಿಸಿಕೊಳ್ಳಿ. ಅಲ್ಲೇ ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡವಿದೆ. ಚಾಲುಕ್ಯ ವೃತ್ತಕ್ಕೂ ನಡೆದು ಹೋಗಿ. ಕುದುರೆ ಏರಿದ ಬಸವಣ್ಣ, ನಮ್ಮ ಬಾಗೇವಾಡಿಯ ಮಗ, ಅಲ್ಲಿದ್ದಾನೆ. ಆ ಮೂರ್ತಿ ಕಂಡರೆ ನನಗೆ ಪರವೂರು ಅನ್ನಿಸುವುದೇ ಇಲ್ಲ. ಆಮೇಲೆ ವಿಧಾನಸೌಧದ ಬಳಿ ಮೆಟ್ರೊ ಹತ್ತಿ, ಎರಡನೇ ನಿಲ್ದಾಣವೇ ಮೆಜೆಸ್ಟಿಕ್.